ಸೆರೆಸ್‌ನಲ್ಲಿ ವಾಲ್ವ್ ತಿರುಗಿಸೋರು ಯಾರು? ‘ದಿ ಎಕ್ಸ್‌ಪ್ಯಾನ್ಸ್’ ಮೂರು ಎಪಿಸೋಡ್ ಆಯ್ತು, ಮುಂದುವರಿಸಲಾ, ಕಾದಂಬರಿ ಹಿಡಿಯಲಾ?

ಕೆರೆಏರಿ · ಶನಿವಾರ ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ‘ದಿ ಎಕ್ಸ್‌ಪ್ಯಾನ್ಸ್’ ಅನ್ನೋ ಬಾಹ್ಯಾಕಾಶದ ಧಾರಾವಾಹಿ ಶುರು ಮಾಡಿ ವಾರ ಆಯ್ತು. ಮೂರು ಎಪಿಸೋಡ್ ಮುಗಿದು ಅಲ್ಲೇ ನಿಂತಿದ್ದೀನಿ. ಭೂಮಿ ಒಂದು ಕಡೆ, ಮಂಗಳ ಇನ್ನೊಂದು ಕಡೆ, ನಡುವೆ ಕ್ಷುದ್ರಗ್ರಹ ಪಟ್ಟಿಯಲ್ಲಿ, ಸೆರೆಸ್‌ನಂಥ ಪುಟ್ಟ ಗ್ರಹದಲ್ಲಿ, ದುಡಿಯೋ ಜನ (ಬೆಲ್ಟರ್‌ಗಳು), ಇಷ್ಟು ಅರ್ಥ ಆಗಿದೆ. ಆದ್ರೆ ಒಬ್ಬ ಪತ್ತೇದಾರ ಕಾಣೆಯಾದ ಹುಡುಗೀನ ಹುಡುಕ್ತಿದ್ದಾನೆ, ಇನ್ನೊಂದು ಕಡೆ ಐದು ಜನ ಪುಡಿಯಾದ ಹಡಗಿಂದ ಉಳ್ಕೊಂಡು ತೇಲ್ತಿದ್ದಾರೆ, ಮತ್ತೊಂದು ಕಡೆ ಸೀರೆ ಉಟ್ಟ ಅಜ್ಜಿ ಒಬ್ಬಳು ನ್ಯೂಯಾರ್ಕಲ್ಲಿ ಒಬ್ಬನ್ನ ಕೊಕ್ಕೆಗೆ ನೇತುಹಾಕಿ ಪ್ರಶ್ನೆ ಕೇಳ್ತಿದ್ದಾಳೆ. ಮೂರಕ್ಕೂ ಗಂಟು ಎಲ್ಲಿ ಬೀಳುತ್ತೋ ತಿಳೀತಿಲ್ಲ.

ನಿಲ್ಲಿಸೇ ಬಿಡ್ತಿದ್ದೆ, ನಮ್ಮಪ್ಪ ಬಿಡ್ತಿಲ್ಲ. ಅವರು ಪುರಸಭೆಯಲ್ಲಿ 29 ವರ್ಷ ನೀರು ಬಿಡೋ ಕೆಲಸದಲ್ಲಿದ್ರು, ವಾಲ್ವ್‌ಮ್ಯಾನ್. ಆ ಉದ್ದನೆ ಕಬ್ಬಿಣದ ಕೀಲಿ ಈಗ್ಲೂ ನಮ್ಮನೆ ಬಾಗಿಲ ಹಿಂದೆ ಒರಗಿದೆ. ಅವರಿಗೆ ಇಂಗ್ಲಿಷ್ ಬರಲ್ಲ, ನಾನು ನಿಲ್ಲಿಸಿ ನಿಲ್ಲಿಸಿ ಹೇಳ್ತೀನಿ. ಮೊದಲನೇ ಎಪಿಸೋಡಲ್ಲಿ ಸೆರೆಸ್‌ನ ಜನರ ನಡುವೆ ಒಬ್ಬ ನಿಂತು ಭಾಷಣ ಮಾಡ್ತಾನಲ್ಲ, ಇಲ್ಲಿ ಮಂಜುಗಡ್ಡೆ ಬೇಕಾದಷ್ಟಿತ್ತು, ಭೂಮಿಯೋರು ಮಂಗಳದೋರು ಬಾಚ್ಕೊಂಡು ಹೋದ್ರು ಅಂತ, ಅಲ್ಲಿಗೆ ಅಪ್ಪ ಎದ್ದು ಕೂತ್ರು. “ಅಲ್ಲಿ ವಾಲ್ವ್ ತಿರುಗ್ಸೋನು ಯಾರ ಕಡೆಯೋನು? ಅದನ್ನ ತೋರಿಸ್ತಾರಾ?” ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಹಾಗಾಗಿ ಇಲ್ಲಿ ಕೇಳ್ತಿದ್ದೀನಿ. ಮೂರು ಕಥೆ ಯಾವಾಗ ಸೇರುತ್ತೆ? ಕಾದಂಬರಿ ಮೊದಲು ಓದಿದ್ರೆ ಸಲೀಸಾ? ಇನ್ನೊಂದು, ಪತ್ತೇದಾರ ಮಿಲ್ಲರ್ ಲೋಟಕ್ಕೆ ಮದ್ಯ ಸುರಿಯುವಾಗ ಧಾರೆ ಸೊಟ್ಟಗೆ ಬಾಗುತ್ತಲ್ಲ, ಅದು ನಿಜವಾಗ್ಲೂ ಹಾಗಾಗುತ್ತಾ? ಅಪ್ಪ ಅದೊಂದನ್ನೇ ಮೂರು ಸಲ ಹಿಂದಕ್ಕೆ ಹಾಕಿಸಿ ನೋಡಿದ್ರು.

ತುಂಗಾತೀರ

ನಾಲ್ಕನೇದು ನೋಡಿ. ಅದಾದ್ಮೇಲೂ ಬಿಡ್ತೀನಿ ಅಂದ್ರೆ ನಾನು ಮಾತಾಡಲ್ಲ.

ಹುಬ್ಳಿಮಂದಿ

ಇವ್ರು ಹೇಳೂದು ಖರೇ ಐತ್ರಿ. ನಾನೂ ಮೂರಕ್ಕ ಬಿಟ್ಟಿದ್ದೆ. ಆರು ತಿಂಗಳ ಆದಮ್ಯಾಲೆ ಗೆಳ್ಯಾ ಒಬ್ಬಾಂವ ಹಿಡದು ಕೂಡಿಸಿ ನಾಲ್ಕನೇದು ತೋರಿಸ್ದ. ಅವತ್ತ ರಾತ್ರಿ ಎಂಟನೇ ಎಪಿಸೋಡ್ ತನಕಾ ಹೋದ್ವಿ. ಮೂರು ಕಥಿ ಸೇರಾಕ ಒಂದನೇ ಸೀಸನ್ ಕಡೀತನಕಾ ಕಾಯಬೇಕ್ರಿ, ಆದ್ರ ಕಾದಿದ್ದಕ್ಕ ಮೋಸ ಇಲ್ಲ.

ಓದುಗ_ಶಿರಸಿ

ನಾನು ಕಾದಂಬರಿ ಕಡೆಯವನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲ ಪುಸ್ತಕ ‘ಲೆವಯಾಥನ್ ವೇಕ್ಸ್’, 2011. ಬರೆದವರು ಜೇಮ್ಸ್ ಎಸ್. ಎ. ಕೋರಿ ಅಂತಿದೆ, ಆದ್ರೆ ಅದು ಇಬ್ಬರು ಸೇರಿ ಇಟ್ಕೊಂಡ ಹೆಸರು: ಡೇನಿಯಲ್ ಏಬ್ರಹಾಂ ಮತ್ತು ಟೈ ಫ್ರಾಂಕ್. ಆ ಪುಸ್ತಕದಲ್ಲಿ ಒಂದು ಅಧ್ಯಾಯ ಹೋಲ್ಡನ್ (ಹಡಗಿಂದ ಉಳ್ಕೊಂಡ ಐವರಲ್ಲಿ ಒಬ್ಬ) ಕಣ್ಣಿಂದ, ಮುಂದಿನದು ಮಿಲ್ಲರ್ ಕಣ್ಣಿಂದ, ಹೀಗೆ ಎರಡೇ ಎಳೆ. ಓದೋನಿಗೆ ದಾರಿ ತಪ್ಪಲ್ಲ. ನೀವು ಹೇಳಿದ ಸೀರೆ ಅಜ್ಜಿ ಅವಸರಾಲಾ ಮೊದಲ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅವರು ಬರೋದು 2012ರ ಎರಡನೇ ಪುಸ್ತಕ ‘ಕ್ಯಾಲಿಬನ್ಸ್ ವಾರ್’ನಲ್ಲಿ. ಧಾರಾವಾಹಿಯವರು ಅವರನ್ನ ಮೊದಲ ಎಪಿಸೋಡಿಗೇ ತಂದು ಕೂರಿಸಿದ್ರು. ನಿಮಗೆ ಗೊಂದಲ ಆಗಿದ್ದಕ್ಕೆ ಅದೇ ಕಾರಣ.

ನನ್ನ ಪ್ರಕಾರ ಅದು ತಪ್ಪು. ಮೊದಲ ಪುಸ್ತಕದ ಸೊಗಸೇ ಅದು: ಭೂಮಿಯವರು ಏನು ಯೋಚಿಸ್ತಿದ್ದಾರೆ ಅನ್ನೋದು ಓದುಗನಿಗೂ ಗೊತ್ತಿರಲ್ಲ, ಹಡಗಿನವರಿಗೂ ಗೊತ್ತಿರಲ್ಲ. ಕತ್ತಲಲ್ಲಿ ತಡಕಾಡೋ ಆ ಭಯ ಧಾರಾವಾಹಿಯಲ್ಲಿ ಹೋಯ್ತು.

ಬಳ್ಳಾರಿಬಿಸಿಲು

@ಓದುಗ_ಶಿರಸಿ ನಾನು ಒಪ್ಪಲ್ಲ. ಅವಸರಾಲಾ ಮೊದಲಿಂದ ಇರದಿದ್ರೆ ಭೂಮಿ ಅನ್ನೋದು ಬರೀ ದೂರದ ದುಷ್ಟರ ಊರಾಗಿ ಉಳೀತಿತ್ತು. ಆಕೆ ಮೊಮ್ಮಗನ ಜೊತೆ ಆಡ್ತಾಳೆ, ಅದೇ ದಿನ ಬೆಲ್ಟರ್ ಒಬ್ಬನ್ನ ಭೂಮಿಯ ಗುರುತ್ವಕ್ಕೆ ಒಡ್ಡಿ ಹಿಂಸೆ ಕೊಡಿಸ್ತಾಳೆ. ಕಡಿಮೆ ಗುರುತ್ವದಲ್ಲಿ ಹುಟ್ಟಿ ಬೆಳೆದವನ ಮೂಳೆ, ಪುಪ್ಪುಸ ಇಲ್ಲಿನ ಭಾರ ತಡೆಯಲ್ಲ. ಹೊಡೀಬೇಕಾಗಿಲ್ಲ, ಬಡೀಬೇಕಾಗಿಲ್ಲ, ನಮ್ಮ ನೆಲವೇ ಅವನಿಗೆ ಚಿತ್ರಹಿಂಸೆ. ಆ ಒಂದು ದೃಶ್ಯ ನೂರು ಪುಟದ ಕೆಲಸ ಮಾಡುತ್ತೆ.

ಇನ್ನು ಹೆಸರು. ಅವಸರಾಲಾ ಅಂದ ಕೂಡ್ಲೇ ಕನ್ನಡದೋರಿಗೆ ‘ಅವಸರ’ ನೆನಪಾಗುತ್ತೆ, ಆದ್ರೆ ಅದು ತೆಲುಗಿನ ಮನೆತನದ ಹೆಸರು. ನಮ್ಮ ಗಡಿ ಕಡೆ ಕೇಳಿರ್ತೀವಿ. ಅಂಥ ಹೆಸರಿನ ಹೆಣ್ಣುಮಗಳು ವಿಶ್ವಸಂಸ್ಥೆ ನಡೆಸ್ತಾಳೆ ಅಂತ ಅಮೆರಿಕದ ಇಬ್ಬರು ಬರೆದಿದ್ದು ನನಗಂತೂ ಸಂತೋಷ ಆಯ್ತು.

ಕಡಲಕರೆ

ಪಾತ್ರ ಮಾಡಿದವರು ಶೋಹ್ರೆ ಅಗ್ದಶ್ಲೂ, ಹುಟ್ಟಿದ್ದು ಇರಾನಿನಲ್ಲಿ. ಆ ಒರಟು ಸ್ವರ ಉಂಟಲ್ಲ ಮಾರಾಯ್ರೆ, ಅದರ ಎದುರು ಬೇರೆ ಯಾರನ್ನೂ ಊಹಿಸ್ಲಿಕ್ಕೆ ಆಗುದಿಲ್ಲ. ಪುಸ್ತಕದಲ್ಲಿ ಅವಳು ಯಾವಾಗ್ಲೂ ಪಿಸ್ತಾ ತಿನ್ತಾ ಇರ್ತಾಳೆ, ಬಾಯಿ ತೆಗೆದ್ರೆ ಬೈಗುಳ. ಟಿವಿ ಚಾನೆಲಿನಲ್ಲಿ ಇರುವಾಗ ಬೈಗುಳಕ್ಕೆ ಕತ್ತರಿ, ಅಮೆಜಾನಿಗೆ ಹೋದ ಮೇಲೆ ಬಾಯಿ ಬಿಚ್ಚಿದಳು. ಅಪ್ಪನ ಜೊತೆ ನೋಡುವಾಗ ನಾಲ್ಕನೇ ಸೀಸನಿನಿಂದ ಸಬ್‌ಟೈಟಲ್ ಓದಿ ಹೇಳುದಕ್ಕೆ ನಿಮಗೆ ಕಷ್ಟ ಆಗ್ಬಹುದು.

ಗಣಿತಮೇಷ್ಟ್ರು

ಧಾರೆ ಬಾಗೋ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಲೆಕ್ಕ ಹಾಕಿ ಹೇಳ್ತೀನಿ.

ಸೆರೆಸ್‌ನ ಅಡ್ಡಳತೆ ಸುಮಾರು 940 ಕಿ.ಮೀ. ಈಗ ಅದು ತನ್ನ ಸುತ್ತ ತಾನು ತಿರುಗೋಕೆ ಒಂಬತ್ತು ಗಂಟೆ ತಗೊಳ್ಳುತ್ತೆ. ಕಥೆಯಲ್ಲಿ ಅದನ್ನ ಜೋರಾಗಿ ತಿರುಗಿಸಿ, ಒಳಗೆ ಸುರಂಗ ಕೊರೆದು ಊರು ಕಟ್ಟಿದ್ದಾರೆ. ಜನ ನಿಲ್ಲೋದು ಉಲ್ಟಾ: ಕಾಲು ಹೊರಮೈ ಕಡೆಗೆ, ತಲೆ ನಡುಬಿಂದುವಿನ ಕಡೆಗೆ. ಭೂಮಿಯ ಗುರುತ್ವದ 0.3 ಪಟ್ಟು ಬರಬೇಕು ಅಂದ್ರೆ ಸುಮಾರು 41 ನಿಮಿಷಕ್ಕೆ ಒಂದು ಸುತ್ತು ಹೊಡೀಬೇಕು.

ತಿರುಗೋ ಜಾಗದಲ್ಲಿ ಬೀಳೋ ವಸ್ತು ನೇರ ಬೀಳಲ್ಲ, ಪಕ್ಕಕ್ಕೆ ಸರಿಯುತ್ತೆ. ಇದಕ್ಕೆ ಕೊರಿಯೊಲಿಸ್ ಪರಿಣಾಮ ಅಂತಾರೆ. ಅಷ್ಟು ಸತ್ಯ. ಆದ್ರೆ ಎಷ್ಟು ಸರಿಯುತ್ತೆ? ಲೋಟದಿಂದ 10 ಸೆಂ.ಮೀ. ಮೇಲಿಂದ ಸುರಿದ್ರೆ, 41 ನಿಮಿಷಕ್ಕೊಂದು ಸುತ್ತು ಹಾಕೋ ಸೆರೆಸ್‌ನಲ್ಲಿ ಧಾರೆ ಸರಿಯೋದು ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು. ಕೂದಲೆಳೆಯಷ್ಟೂ ಇಲ್ಲ. ಕಣ್ಣಿಗೆ ಕಾಣಲ್ಲ. ಅದೇ ಹತ್ತು ಮೀಟರ್ ತ್ರಿಜ್ಯದ ಪುಟ್ಟ ಚಕ್ರದಲ್ಲಿ ಕೂತು ಸುರಿದ್ರೆ ಒಂದು ಸೆಂ.ಮೀ. ಹತ್ತಿರ ಸರಿಯುತ್ತೆ. ಅಂದ್ರೆ ದೃಶ್ಯದಲ್ಲಿ ತೋರಿಸಿದ್ದು ಸರಿಯಾದ ನಿಯಮ, ತಪ್ಪು ಜಾಗ.

ನಿಮ್ಮ ತಂದೆಯವರು ಮೂರು ಸಲ ಹಿಂದಕ್ಕೆ ಹಾಕಿಸಿದ್ದು ಕೇಳಿ ನನಗೆ ಬಹಳ ಖುಷಿಯಾಯ್ತು. ಜೀವಮಾನವೆಲ್ಲಾ ನೀರು ಬೀಳೋದು ನೋಡಿದ ಕಣ್ಣು ಅದು.

ತುಂಗಾತೀರ

ಮೇಷ್ಟ್ರೇ, ಮಿಲ್ಲರ್ ಮನೆ ಹೊರಮೈ ಹತ್ತಿರ ಇಲ್ಲದೆ ಇನ್ನೂ ಒಳಗಡೆ, ನಡುಬಿಂದುವಿಗೆ ಹತ್ತಿರ ಇದ್ರೆ? ಆಗ ಬಾಗ್ಬಹುದಲ್ವಾ?

ಗಣಿತಮೇಷ್ಟ್ರು

ಒಳ್ಳೇ ಪ್ರಶ್ನೆ. ಒಳಗೆ ಹೋದಷ್ಟೂ ಗುರುತ್ವ ಕಡಿಮೆ, ಬೀಳೋದು ನಿಧಾನ, ಹಾಗಾಗಿ ಸರಿಯೋದು ಹೆಚ್ಚು. ನಡುಬಿಂದುವಿಂದ 47 ಕಿ.ಮೀ. ದೂರದಲ್ಲಿ ಅವನ ಕೋಣೆ ಇದೆ ಅಂತಿಟ್ಕೊಳ್ಳಿ. ಆಗಲೂ 10 ಸೆಂ.ಮೀ.ಗೆ ಒಂದು ಮಿಲಿಮೀಟರಿನ ಏಳನೇ ಒಂದು ಭಾಗ ಅಷ್ಟೇ. ತಿರುಗೋ ವೇಗ ಎಲ್ಲಾ ಕಡೆ ಒಂದೇ, 41 ನಿಮಿಷ. ಅದೇ ನಿಧಾನ ಆದ್ರೆ ಬಾಗು ಎಲ್ಲಿಂದ ಬರ್ಬೇಕು?

ಇನ್ನೂ ದೊಡ್ಡ ತೊಂದರೆ ಬೇರೆ ಇದೆ. ಸೆರೆಸ್‌ನ ಸ್ವಂತ ಗುರುತ್ವ ಭೂಮಿಯದರ 35ನೇ ಒಂದು ಭಾಗ. ಅದಕ್ಕೆ ಹತ್ತು ಪಟ್ಟು ಬಲದಲ್ಲಿ ಹೊರಕ್ಕೆಸೆಯೋ ಹಾಗೆ ತಿರುಗಿಸಿದ್ರೆ ಮೇಲಿನ ಮಣ್ಣು ಕಲ್ಲು ಮಂಜು ಎಲ್ಲಾ ಕಿತ್ಕೊಂಡು ಹಾರಿಹೋಗುತ್ತೆ. ಇಡೀ ಗ್ರಹವನ್ನ ಬಲೆ ಹಾಕಿ ಬಿಗಿದಿರಬೇಕು.

ಕಡಲಕರೆ

ಇಷ್ಟೆಲ್ಲ ಲೆಕ್ಕ ಹಾಕಿದ್ರೆ ಕಥೆ ನೋಡುದು ಯಾವಾಗ? ನಾವು ತಿರುಗುವ ಜಾಗದಲ್ಲಿ ಇದ್ದೇವೆ ಅಂತ ಒಂದೂ ಮಾತಿಲ್ಲದೆ ನೋಡುವವನಿಗೆ ತಿಳಿಸ್ಬೇಕು. ಅದಕ್ಕೆ ಆ ಧಾರೆ. ಅದೇ ಮೊದಲ ಸೀಸನಿನಲ್ಲಿ ಒಂದು ಪುಟ್ಟ ಹಕ್ಕಿ ರೆಕ್ಕೆ ಹೆಚ್ಚು ಬಡಿಯದೆ ಗಾಳಿಯಲ್ಲಿ ನಿಲ್ಲುದು ತೋರಿಸ್ತಾರೆ, ಗುರುತ್ವ ಕಡಿಮೆ ಅಂತ. ಎಷ್ಟು ಚಂದ ಅದು.

ಗಣಿತಮೇಷ್ಟ್ರು

ಹಕ್ಕಿಯ ದೃಶ್ಯಕ್ಕೆ ನಾನೂ ಮನಸೋತಿದ್ದೀನಿ. ಲೆಕ್ಕ ಹಾಕೋದು ನನಗೆ ಕಥೆ ನೋಡೋದರ ಭಾಗವೇ. ಈ ಧಾರಾವಾಹಿ ಮೇಲೆ ಗೌರವ ಇರೋದ್ರಿಂದಲೇ ಲೆಕ್ಕ ಹಾಕ್ತೀನಿ, ಬೇರೆಯವಕ್ಕೆ ಹಾಕೋದಿಲ್ಲ. ಅದರ ಮುಖ್ಯ ಹೊಣೆ ಹೊತ್ತ ನರೇನ್ ಶಂಕರ್ ಅವರು ಕಾರ್ನೆಲ್‌ನಲ್ಲಿ ಅನ್ವಯಿಕ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು. ಅವರಿಗೆ ಈ ಲೆಕ್ಕ ಗೊತ್ತಿಲ್ಲದೆ ಇರಲ್ಲ.

ಸರಿ ಮಾಡಿದ್ದೂ ಹೇಳ್ಬೇಕಲ್ಲ. ಹಡಗುಗಳು ಅರ್ಧ ದಾರಿ ಎಂಜಿನ್ ಉರಿಸ್ತಾ ವೇಗ ಏರಿಸ್ತವೆ, ಅರ್ಧಕ್ಕೆ ಹಿಂದುಮುಂದಾಗಿ ತಿರುಗಿ ಮತ್ತರ್ಧ ಉರಿಸ್ತಾ ವೇಗ ಇಳಿಸ್ತವೆ. ಒಳಗಿನವರಿಗೆ ಆ ಒತ್ತಡವೇ ನೆಲ. ಅದಕ್ಕೇ ಹಡಗಿನ ಮಹಡಿಗಳು ಬಹುಮಹಡಿ ಕಟ್ಟಡದ ಹಾಗೆ ಒಂದರ ಮೇಲೊಂದು, ಎಂಜಿನ್ ಕೆಳಗೆ. ಭೂಮಿಯಷ್ಟೇ ಗುರುತ್ವ ಬರೋ ಹಾಗೆ ಉರಿಸ್ತಾ ಹೋದ್ರೆ, ಮಂಗಳ 7.8 ಕೋಟಿ ಕಿ.ಮೀ. ದೂರದಲ್ಲಿದ್ದಾಗ ಎರಡು ದಿನದಲ್ಲಿ ತಲುಪ್ತೀವಿ. ಕಥೆಯಲ್ಲಿ ನಿಜವಾದ ಪವಾಡ ಅಂದ್ರೆ ಇಂಧನ ಮುಗಿಯದ ಆ ಎಪ್‌ಸ್ಟೈನ್ ಎಂಜಿನ್ ಒಂದೇ.

ಬ್ಯಾಲಾಳುದಾರಿ

ಎರಡು ದಿನ! ನಮ್ಮ ಮಂಗಳಯಾನ 2013ರ ನವೆಂಬರ್ 5ಕ್ಕೆ ಹೊರಟು 2014ರ ಸೆಪ್ಟೆಂಬರ್ 24ಕ್ಕೆ ತಲುಪ್ತು. ಅವತ್ತು ಬೆಳಿಗ್ಗೆ ಅದು ಮಂಗಳದ ಹಿಂದೆ ಹೋಗಿ ಎಂಜಿನ್ ಉರಿಸ್ತಿದ್ದಾಗ ನಾವೆಲ್ಲಾ ಟಿವಿ ಮುಂದೆ ಉಸಿರು ಹಿಡ್ಕೊಂಡು ಕೂತಿದ್ವಿ. ಅಲ್ಲಿ ಆಗಿದ್ದು ಇಲ್ಲಿ ಗೊತ್ತಾಗೋಕೆ ಹನ್ನೆರಡು ನಿಮಿಷದ ಮೇಲೆ ಬೇಕಿತ್ತು, ಬೆಳಕಿಗೇ ಅಷ್ಟು ಹೊತ್ತು. ಬಿಡದಿ ಹತ್ರ ಬ್ಯಾಲಾಳಲ್ಲಿ ಆ 32 ಮೀಟರಿನ ಆಂಟೆನಾ ಇದೆ, ನಮ್ಮೂರಿಂದ ಹೋಗೋ ದಾರಿಯಲ್ಲಿ ಬೆಳ್ಳಗೆ ಕಾಣುತ್ತೆ.

ಧಾರಾವಾಹಿಯಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ. ದೂರದವರ ಜೊತೆ ಯಾರೂ ಫೋನಲ್ಲಿ ಮಾತಾಡೋ ಹಾಗೆ ಮಾತಾಡಲ್ಲ. ಹೇಳೋದನ್ನ ರೆಕಾರ್ಡ್ ಮಾಡಿ ಕಳಿಸ್ತಾರೆ, ಉತ್ತರಕ್ಕೆ ಕಾಯ್ತಾರೆ. ಅಷ್ಟರಲ್ಲಿ ಅಲ್ಲಿ ಏನೇನೋ ಆಗಿಹೋಗಿರುತ್ತೆ. ಹಿಂದೆ ದುಬೈಯಿಂದ ಮಾವ ಕ್ಯಾಸೆಟ್‌ನಲ್ಲಿ ಮಾತು ತುಂಬಿಸಿ ಕಳಿಸ್ತಿದ್ರು, ಅತ್ತೆ ಕೇಳೋ ಹೊತ್ತಿಗೆ ಅವರ ಜ್ವರ ವಾಸಿಯಾಗಿ ತಿಂಗಳಾಗಿರ್ತಿತ್ತು.

ಕೆರೆಏರಿ · ಭಾನುವಾರ ಮಧ್ಯಾಹ್ನ

ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಲೆಕ್ಕವನ್ನ ಅಪ್ಪನಿಗೆ ಓದಿ ಹೇಳ್ದೆ. “ನಂಗೂ ಅನ್ನಿಸ್ತು, ಅಷ್ಟು ಬಾಗಿದ್ರೆ ಅಲ್ಲಿಯೋರು ಹುಟ್ಟಿದಾಗಿಂದ ಲೋಟನೇ ಪಕ್ಕಕ್ಕಿಟ್ಟು ಹಿಡೀತಿದ್ರು” ಅಂದ್ರು. ಆ ನಟ ಹಾಗೇ ಹಿಡಿದಿದ್ದಾನಾ ಅಂತ ಈಗ ಮತ್ತೆ ನೋಡ್ಬೇಕಂತೆ.

ಆದ್ರೆ ಅವರ ನೀರಿನ ಪ್ರಶ್ನೆ ಹಾಗೇ ಇದೆ. ಶನಿಗ್ರಹದ ಉಂಗುರದಿಂದ ಮಂಜುಗಡ್ಡೆ ಹೊತ್ತು ತರೋದು ನಿಜಕ್ಕೂ ಬೇಕಿತ್ತಾ?

ಗಣಿತಮೇಷ್ಟ್ರು

ಬೇಕಿರಲಿಲ್ಲ. ಇದು ಕಥೆಯ ದೊಡ್ಡ ತೂತು ಅನ್ನೋದು ನನ್ನ ಅಭಿಪ್ರಾಯ. ನಾಸಾದ ಡಾನ್ ನೌಕೆ 2015ರ ಮಾರ್ಚ್ 6ಕ್ಕೆ ಸೆರೆಸ್ ಕಕ್ಷೆ ಸೇರ್ತು, ಧಾರಾವಾಹಿ ಶುರುವಾಗಿದ್ದು ಅದೇ ವರ್ಷ ಡಿಸೆಂಬರಲ್ಲಿ. ಸೆರೆಸ್‌ನ ತೂಕದಲ್ಲಿ ಕಾಲು ಭಾಗದಷ್ಟು ನೀರಿರಬಹುದು ಅಂತ ಅಂದಾಜಿದೆ. ಅದು ಭೂಮಿಯ ಮೇಲಿನ ಸಿಹಿನೀರೆಲ್ಲಾ ಸೇರಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ಮಂಗಳದಲ್ಲೂ ಧ್ರುವದಲ್ಲಿ ಬೇಕಾದಷ್ಟು ಮಂಜಿದೆ. ಇನ್ನೂರು ಮುನ್ನೂರು ವರ್ಷದಲ್ಲಿ ಅದನ್ನ ಖಾಲಿ ಮಾಡೋಕೆ ಆಗೋದೇ ಇಲ್ಲ.

ಬಳ್ಳಾರಿಬಿಸಿಲು

ಮೇಷ್ಟ್ರೇ, ಇಲ್ಲಿ ಮಾತ್ರ ನಿಮ್ಮ ಲೆಕ್ಕ ಕೈಕೊಡ್ತು. ನಮ್ಮೂರ ಪಕ್ಕದಲ್ಲೇ ತುಂಗಭದ್ರಾ ಡ್ಯಾಮು. ಕಾಲುವೆ ತಲೆಗೆ ಇರೋನಿಗೆ ಎರಡು ಬೆಳೆ ಭತ್ತ, ಕೊನೆಗೆ ಇರೋನಿಗೆ ಒಂದು ಬೆಳೆಗೂ ನೀರು ಬರಲ್ಲ. ಡ್ಯಾಮಲ್ಲಿ ಎಷ್ಟು ಟಿಎಂಸಿ ಇದೆ ಅಂತ ಪೇಪರಲ್ಲಿ ದಿನಾ ಬರುತ್ತೆ, ಕೊನೆ ಹೊಲದೋನು ಅದನ್ನ ಓದಿ ಏನು ಮಾಡ್ತಾನೆ? ಸೆರೆಸ್‌ನಲ್ಲಿ ಮಂಜು ಇಲ್ಲ ಅಂತ ಆ ಭಾಷಣಗಾರ ಹೇಳಲ್ಲ. ಹೊತ್ಕೊಂಡು ಹೋದ್ರು ಅಂತಾನೆ. ಅದು ಅಳತೆ ಮಾತಲ್ಲ, ಸಿಟ್ಟಿನ ಮಾತು.

ಪೀಣ್ಯ_ಎರಡನೇಹಂತ

2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್‌ನೋನು ಹೇಳಿದ್ದೇ ರೇಟು. ರಾತ್ರಿ ಒಂದು ಗಂಟೆಗೆ ಫೋನ್ ಮಾಡಿ “ಈಗ ಬರ್ಲಾ, ಪಕ್ಕದ ಬಿಲ್ಡಿಂಗ್‌ಗೆ ಹೋಗ್ಲಾ” ಅಂತಿದ್ದ. ಆ ವಾರವೇ ನಾನು ಈ ಧಾರಾವಾಹಿ ಶುರು ಮಾಡಿದ್ದು. ಕ್ಯಾಂಟರ್ಬರಿ ಅನ್ನೋ ಮಂಜುಗಡ್ಡೆ ಹಡಗು ಪುಡಿಯಾದಾಗ ನನಗೆ ಮೊದಲು ಹೊಳೆದಿದ್ದು ಸತ್ತವರಲ್ಲ, ಅಯ್ಯೋ ಆ ಲೋಡ್ ನೀರು ಯಾರಿಗೋ ಬರ್ಬೇಕಿತ್ತಲ್ಲ ಅಂತ.

ಸಂಪಿಗೆರಸ್ತೆ

ಟ್ಯಾಂಕರ್ ಮಾಫಿಯಾ ಬಗ್ಗೆ ಮಾತಾಡೋಕೆ ಶುರು ಮಾಡಿದ್ರೆ ನಾನೂ ಒಂದು ಪುರಾಣ ಬರೀಬಹುದು. ನಮ್ಮ ಅಪಾರ್ಟ್‌ಮೆಂಟಲ್ಲಿ ಆ ಎರಡು ತಿಂಗಳು…

ನಿರ್ವಾಹಕ

ಟ್ಯಾಂಕರ್ ವಿಷಯಕ್ಕೆ ಬೇರೆ ಎಳೆ ತೆರೆಯಿರಿ, ದಯವಿಟ್ಟು. ಇನ್ನೊಂದು, ಪ್ರಶ್ನೆ ಕೇಳಿದವರು ಮೂರೇ ಎಪಿಸೋಡ್ ನೋಡಿದ್ದಾರೆ. ಮುಂದಿನ ಕಥೆ ಬಿಚ್ಚಿದ ಎರಡು ಪೋಸ್ಟ್ ಅಳಿಸಿದ್ದೇನೆ.

ಹುಬ್ಳಿಮಂದಿ

ಅಳಿಸಿದ್ದು ಛಲೋ ಆತು. ಐದನೇ ಸೀಸನ್ ಕಡೀಗೆ ಪುಸ್ತಕದಾಗ ಇಲ್ಲದ್ದು ಒಂದು ಮಾಡ್ಯಾರ, ಅದನ್ನ ಯಾರರ ಮದಲ ಹೇಳಿದ್ರ ಜೀವಾ ಹೋದಂಗ ಆಗ್ತೈತಿ.

ಗಾಳಿಯ ಮಾತು ಯಾರೂ ಎತ್ತಲಿಲ್ರಿ. ಮಿಲ್ಲರ್ ಒಬ್ಬಾಂವನ ಹಂತ್ಯಾಕ ಹೋಗ್ತಾನ, ಅವಂದು ಗಾಳಿ ಸೋಸೋ ಫಿಲ್ಟರ್ ಬದಲಿ ಮಾಡಿರೂದಿಲ್ಲ. ಮದಲ ರೊಕ್ಕ ಇಸ್ಕೊಂಡು ಸುಮ್ನ ಹೊಳ್ಳಿ ಬರ್ತಾನ. ಆಮ್ಯಾಲೆ ಕೆಮ್ಮೂ ಹುಡುಗರ್ನ ನೋಡಿ ತಡಿಯಾಕ ಆಗದ ಹೊಳ್ಳಿ ಹೋಗಿ ಅವನ್ನ ಗಾಳಿ ಇಲ್ಲದ ಖೋಲ್ಯಾಗ ಹಾಕಿ ಬಾಗ್ಲಾ ಹಾಕ್ತಾನ. ಲಂಚ ತಿನ್ನೂ ಪೊಲೀಸ್ರ ಕಥಿ ಭಾಳ ನೋಡೇವಿ. ಉಸರಾಡೂ ಗಾಳಿ ಮ್ಯಾಲೆ ಲಂಚ ತಿಂದ್ರ ಏನಾಕ್ಕೈತಿ ಅಂತ ತೋರ್ಸಿದ್ದು ಇದೊಂದ.

ಓದುಗ_ಶಿರಸಿ

ಅದು ಒಪ್ಪಿದೆ. ಆ ದೃಶ್ಯ ಪರದೆ ಮೇಲೆ ಪುಸ್ತಕಕ್ಕಿಂತ ಹೆಚ್ಚು ತಾಗುತ್ತೆ. ಆದ್ರೆ ಪುಸ್ತಕದ ಬೆಲ್ಟರ್‌ಗಳೇ ಬೇರೆ. ಅಲ್ಲಿ ಅವರು ಎರಡು ಮೀಟರ್ ಎತ್ತರ, ಸಣಕಲು, ತಲೆ ದೊಡ್ಡದು. ದೂರದಿಂದ ನೋಡಿದ್ರೇ ಇವನು ಬೆಲ್ಟಿನವನು ಅಂತ ಗೊತ್ತಾಗುತ್ತೆ. ಮೈಯೇ ಜಾತಿಗುರುತು. ಧಾರಾವಾಹಿಯಲ್ಲಿ ಎಲ್ಲರೂ ನಮ್ಮ ಹಾಗೇ ಇದ್ದಾರೆ. ಅಷ್ಟು ಎತ್ತರದ ನಟರು ಎಲ್ಲಿ ಸಿಗ್ಬೇಕು, ಅರ್ಥ ಆಗುತ್ತೆ. ಆದ್ರೂ ಕಳೆದುಹೋಗಿದ್ದು ಕಳೆದುಹೋಯ್ತು.

ಮಿಲ್ಲುಮಗ್ಗ

@ಓದುಗ_ಶಿರಸಿ ಮೈಯಲ್ಲಿ ಕಳೆದಿದ್ದನ್ನ ಅವರು ಕೈಯಲ್ಲಿ ಗಳಿಸಿದ್ದಾರೆ. ಬೆಲ್ಟರ್‌ಗಳು ಮಾತಾಡುವಾಗ ತಲೆ ಅಲ್ಲಾಡಿಸಲ್ಲ, ಹೌದು ಅನ್ನೋಕೆ ಮುಷ್ಟಿ ಎತ್ತಿ ಆಡಿಸ್ತಾರೆ, ಇಲ್ಲ ಅನ್ನೋಕೂ ಕೈ. ಯಾಕಂದ್ರೆ ಅವರ ಅಜ್ಜ ಮುತ್ತಜ್ಜಂದಿರು ಬಾಹ್ಯಾಕಾಶದ ದಿರಿಸು ಹಾಕ್ಕೊಂಡು ಕೆಲಸ ಮಾಡಿದೋರು. ಶಿರಸ್ತ್ರಾಣದ ಒಳಗೆ ತಲೆ ಅಲ್ಲಾಡಿಸಿದ್ರೆ ಹೊರಗಿನವನಿಗೆ ಏನು ಕಾಣುತ್ತೆ?

ನಮ್ಮ ತಾತ ದಾವಣಗೆರೆಯಲ್ಲಿ ಹತ್ತಿ ಮಿಲ್ ಕೆಲಸಗಾರರು. ಒಳಗೆ ಮಗ್ಗದ ಸದ್ದಿಗೆ ಕಿವಿ ಪಕ್ಕ ಕೂಗಿದ್ರೂ ಕೇಳ್ತಿರ್ಲಿಲ್ಲವಂತೆ. ಎಲ್ಲಾ ಕೈಸನ್ನೆ. ನೀರು ಬೇಕು ಅಂದ್ರೆ ಹೆಬ್ಬೆರಳು ಬಾಯಿಗೆ, ನೂಲು ಹರೀತು ಅಂದ್ರೆ ಎರಡು ತೋರುಬೆರಳು ಕೂಡಿಸಿ ಪಟ್ ಅಂತ ಬಿಡಿಸೋದು, ಮೇಸ್ತ್ರಿ ಬಂದ ಅಂದ್ರೆ ಮೀಸೆ ತಿರುವೋದು. ಮಿಲ್ ಮುಚ್ಚಿ ಇಪ್ಪತ್ತು ವರ್ಷ ಆದ್ಮೇಲೂ ತಾತ ಊಟಕ್ಕೆ ಕೂತಾಗ ಸಾರು ಸಾಕು ಅಂತ ಬಾಯಲ್ಲಿ ಹೇಳ್ತಿರ್ಲಿಲ್ಲ, ಅಂಗೈ ಅಡ್ಡ ಹಿಡೀತಿದ್ರು. ಹಡಗಿಂದ ಉಳ್ಕೊಂಡ ಐವರಲ್ಲಿ ಒಬ್ಬಳಾದ ಬೆಲ್ಟರ್ ನೊವೋಮಿ ಹಾಗೆ ಕೈ ಎತ್ತಿದ ಮೊದಲ ದೃಶ್ಯದಲ್ಲೇ ನನಗೆ ತಾತ ಕಂಡ್ರು.

ಕಡಲಕರೆ

ನವೋಮಿ ಅಲ್ವಾ? ನೊವೋಮಿ ಅಲ್ಲ.

ಮಿಲ್ಲುಮಗ್ಗ

ಹೌದು, ನವೋಮಿ. ಕೈತಪ್ಪಿ ಬರೆದೆ.

ಬ್ಯಾಲಾಳುದಾರಿ

ಅವರ ಭಾಷೆಯೂ ಹಾಗೇ ಕಟ್ಟಿದ್ದು. ನಿಕ್ ಫಾರ್ಮರ್ ಅನ್ನೋ ಭಾಷಾತಜ್ಞರು ಧಾರಾವಾಹಿಗೆ ಅಂತಲೇ ವ್ಯಾಕರಣ ಸಮೇತ ಮಾಡಿಕೊಟ್ರು. ಬೇರೆ ಬೇರೆ ದೇಶದಿಂದ ದುಡಿಯೋಕೆ ಹೋದೋರ ಮಾತೆಲ್ಲಾ ಕಲೆತು ಆದ ಭಾಷೆ ಅಂತ ಕಲ್ಪನೆ. ಬೆಲ್ಟಾಲೋಡಾ ಅಂದ್ರೆ ‘ನಾವು ಬೆಲ್ಟಿನೋರು’, ಇನ್ಯಾಲೋಡಾ ಅಂದ್ರೆ ‘ಒಳಗ್ರಹದೋರು’. ಬೆರಾಟ್ನಾ ಅಂದ್ರೆ ಅಣ್ಣ ತಮ್ಮ. ಡ್ರಮ್ಮರ್ ಅನ್ನೋ ಬೆಲ್ಟರ್ ಹೆಣ್ಣುಮಗಳ ಬಾಯಲ್ಲಿ ಕೇಳ್ಬೇಕು ಅದನ್ನ.

ಹುಬ್ಳಿಮಂದಿ

ಕನ್ನಡಕ್ಕ ಡಬ್ ಮಾಡಿದ್ರ ಬೆಲ್ಟರ್‌ಗೋಳ ಬಾಯಾಗ ಪುಸ್ತಕದ ಕನ್ನಡ ಹಾಕಬ್ಯಾಡ್ರಿ. ಹಂಗ ಮಾಡಿದ್ರ ಎಲ್ಲಾ ಹಾಳು.

ಸಂಪಿಗೆರಸ್ತೆ

ಮತ್ತೆ ಯಾವ ಕನ್ನಡ? ಹುಬ್ಬಳ್ಳಿ ಕನ್ನಡ ಹಾಕಿದ್ರೆ ಉತ್ತರ ಕರ್ನ…ಅದೇ ಹಳೇ ಕಥೆ. ನಗಿಸೋ ಪಾತ್ರಕ್ಕೋ ರೌಡಿಗೋ ಒಂದು ಸೀಮೆಯ ಮಾತು ಅಂಟಿಸ್ತಾರೆ ಅಂತ ನೀವೇ ಬೈತೀರಿ.

ಹುಬ್ಳಿಮಂದಿ

ನಮ್ಮ ಮಾತ ಹಾಕ್ರಿ ಅಂತ ನಾ ಎಲ್ಲಿ ಅಂದ್ನಿ? ಯಾವ ಊರಿಗೂ ಸೇರದ ಒಂದು ಕಲಬೆರಕಿ ಮಾಡ್ರಿ ಅಂತ ಹೇಳಾಕತ್ತೀನಿ. ಗಡಿನಾಡಾಗ ಮರಾಠಿ, ತೆಲುಗು, ದಖನಿ ಎಲ್ಲಾ ಕೂಡಿದ ಮಾತು ದಿನಾ ಕೇಳ್ತೀವಿ. ಅಂಥಾದ್ದು ಹೊಸದಾಗಿ ಕಟ್ರಿ. ಅವ್ರು ಕಟ್ಟಿಲ್ಲೇನು?

ಬಳ್ಳಾರಿಬಿಸಿಲು

ಹುಬ್ಳಿಯೋರ ಮಾತು ಸರಿ ಇದೆ. ಗಣಿ ಜೋರಿದ್ದಾಗ ಸಂಡೂರು ಕಡೆ ಲಾರಿ ನಿಲ್ಲೋ ಜಾಗದಲ್ಲಿ ನಿಂತು ಕೇಳಿದ್ರೆ ಒಂದು ವಾಕ್ಯದಲ್ಲಿ ನಾಲ್ಕು ಭಾಷೆ ಇರ್ತಿತ್ತು. ಯಾರಿಗೂ ತೊಡಕಾಗ್ತಿರ್ಲಿಲ್ಲ.

ಟೊರೊಂಟೊ_ಚಳಿ

ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ಈ ಧಾರಾವಾಹಿ ಚಿತ್ರೀಕರಣ ಆಗಿದ್ದು ನಾನಿರೋ ಊರಲ್ಲಿ. ಡ್ರಮ್ಮರ್ ಪಾತ್ರದ ಕ್ಯಾರಾ ಜೀ ಕೂಡ ಕೆನಡಾದವರು, ಇಲ್ಲಿನ ಮೂಲನಿವಾಸಿ ಒಜಿಬ್ವೆ ಜನಾಂಗದವರು.

ಅವರ ಪಾತ್ರದ ಬಗ್ಗೆ ಹೇಳ್ಲೇಬೇಕು. ಪುಸ್ತಕದಲ್ಲಿ ಡ್ರಮ್ಮರ್ ಶುರುವಿನಲ್ಲಿ ಚಿಕ್ಕ ಪಾತ್ರ. ಧಾರಾವಾಹಿಯವರು ಪುಸ್ತಕದ ಮೂರ್ನಾಲ್ಕು ಜನರನ್ನ ಕಲಸಿ ಒಬ್ಬಳನ್ನ ಮಾಡಿದ್ದಾರೆ. ಕಾದಂಬರಿಯಲ್ಲಿ ಆರುನೂರು ಪುಟಕ್ಕೆ ನಲವತ್ತು ಹೆಸರು ಬಂದ್ರೂ ಓದುಗ ಹಿಂದಿರುಗಿ ನೋಡ್ಕೋತಾನೆ. ಪರದೆ ಮೇಲೆ ಅದಾಗಲ್ಲ. ಒಂದೇ ಮುಖ ಐದು ವರ್ಷ ನೋಡಿದಾಗ ಅವಳ ಸೋಲು ನಮ್ಮನೆ ಸೋಲಾಗುತ್ತೆ. ಬರೆದವರಿಬ್ಬರೂ ಧಾರಾವಾಹಿಯ ಬರಹಗಾರರ ತಂಡದಲ್ಲೇ ಇದ್ರು. ಮುಂಚೆ ಮಾಡಿದ್ದನ್ನ ಇನ್ನೊಂದ್ಸಲ ಬರೆಯೋ ಅವಕಾಶ ಸಿಕ್ಕಿದಾಗ ಬಳಸ್ಕೊಂಡ್ರು ಅಂತ ನನಗನಿಸುತ್ತೆ.

2018ರ ಮೇ ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಮೂರನೇ ಸೀಸನ್ ನಡೀತಿರುವಾಗಲೇ ಸೈಫೈ ಚಾನೆಲ್ ಇನ್ನು ಸಾಕು ಅಂತು. ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದ್ರು, ಅಭಿಮಾನಿಗಳು ದುಡ್ಡು ಕೂಡಿಸಿ ಅಮೆಜಾನ್ ಸ್ಟುಡಿಯೋ ಮೇಲೆ ವಿಮಾನದಲ್ಲಿ ಬ್ಯಾನರ್ ಹಾರಿಸಿದ್ರು. ನಾನೂ ನನ್ನ ಕೈಲಾದ ಹತ್ತು ಡಾಲರ್ ಹಾಕಿದ್ದೆ. ಆಗ ಇಲ್ಲಿಗೆ ಬಂದು ಎಂಟು ತಿಂಗಳಾಗಿತ್ತು, ಕೆಲಸ ಇನ್ನೂ ಗಟ್ಟಿಯಾಗಿರ್ಲಿಲ್ಲ, ವಾರಕ್ಕೊಂದು ರಾತ್ರಿ ಈ ಧಾರಾವಾಹಿಯೇ ನನಗೆ ಜೊತೆ. ತಿಂಗಳ ಕೊನೆಗೆ ಲಾಸ್ ಏಂಜಲೀಸ್‌ನ ಒಂದು ಬಾಹ್ಯಾಕಾಶ ಸಮಾವೇಶದಲ್ಲಿ, ನಟರೆಲ್ಲಾ ಅಲ್ಲೇ ಕೂತಿರುವಾಗ, ಧಾರಾವಾಹಿ ಉಳೀತು ಅಂತ ಜೆಫ್ ಬೆಜೋಸ್ ಹೇಳಿದ ವಿಡಿಯೋ ಬಂತು. ಬಸ್ಸಲ್ಲಿ ನೋಡಿದೆ. ಕಣ್ಣಲ್ಲಿ ನೀರು ಬಂತು.

ಓದುಗ_ಶಿರಸಿ

ಉಳಿಸಿದ್ದು ಸರಿ. ಆದ್ರೆ ಮುಗಿಸಿದ ರೀತಿ? ಒಂಬತ್ತು ಕಾದಂಬರಿ, ಧಾರಾವಾಹಿ ಆರನೇದಕ್ಕೆ ನಿಂತಿತು. 2022ರ ಜನವರಿಯಲ್ಲಿ ಕೊನೆ ಎಪಿಸೋಡ್, ಒಟ್ಟು 62. ಆರನೇ ಸೀಸನ್‌ಗೆ ಬರೀ ಆರು ಎಪಿಸೋಡ್ ಕೊಟ್ರು. ಅದರಲ್ಲೂ ಲಕೋನಿಯಾ ಅನ್ನೋ ಗ್ರಹದ ಎಳೆಯೊಂದನ್ನ ಶುರು ಮಾಡಿ ಹಾಗೇ ಬಿಟ್ಟು ಹೋದ್ರು. ಅದು ಏನಾಯ್ತು ಅಂತ ತಿಳಿಯೋಕೆ ಪುಸ್ತಕವೇ ಗತಿ.

ಟೊರೊಂಟೊ_ಚಳಿ

ಆರನೇ ಮತ್ತು ಏಳನೇ ಪುಸ್ತಕದ ನಡುವೆ ಕಥೆಯಲ್ಲಿ ಮೂವತ್ತು ವರ್ಷದ ಅಂತರ ಇದೆ. ಅದೇ ನಟರಿಗೆ ಬಿಳಿ ಕೂದಲು ಅಂಟಿಸಿ ಮುಂದುವರಿಸೋ ಬದಲು ಅಲ್ಲಿ ನಿಲ್ಲಿಸಿದ್ದು ನನಗೆ ಸರಿ ಕಂಡಿತು. ಆರು ಎಪಿಸೋಡ್ ಸಾಲದು ಅನ್ನೋದು ಒಪ್ತೀನಿ.

ಓದುಗ_ಶಿರಸಿ

ನಿಲ್ಲಿಸೋ ಜಾಗ ಸರಿ ಇರಬಹುದು, ಹಾಗಾದ್ರೆ ಲಕೋನಿಯಾ ಮುಟ್ಟಬಾರದಿತ್ತು. ಊಟಕ್ಕೆ ಎಲೆ ಹಾಕಿ ಉಪ್ಪು ಉಪ್ಪಿನಕಾಯಿ ಬಡಿಸಿ ಅಡುಗೆ ಮುಗೀತು ಅಂದ ಹಾಗಾಯ್ತು.

ತುಂಗಾತೀರ

ನಾನು ಅದಕ್ಕೇ ಪುಸ್ತಕ ಹಿಡಿದೆ, ನೇರ ಏಳನೇದರಿಂದ. ನಡುವೆ ಕೆಲವು ಹೆಸರು ತಡವರಿಸಿದ್ವು, ಡ್ರಮ್ಮರ್ ಅಲ್ಲೂ ಸಿಕ್ಕಿದ್ರು. ಬೇರೇನೂ ತೊಂದ್ರೆ ಆಗ್ಲಿಲ್ಲ.

ಕೆರೆಏರಿ · ಬುಧವಾರ ರಾತ್ರಿ 11:20

ನಾಲ್ಕನೇದು ನೋಡಿದ್ವಿ.

ಗುಂಡೊಂದು ಹಡಗಿನ ಈ ಗೋಡೆಯಿಂದ ಆ ಗೋಡೆಗೆ ತೂರಿ ಹೋಗುತ್ತಲ್ಲ, ಒಂದು ಕ್ಷಣ ನಮಗಿಬ್ಬರಿಗೂ ಏನಾಯ್ತು ಅಂತಲೇ ತಿಳೀಲಿಲ್ಲ. ಆಮೇಲೆ ಕೋಣೆಯ ಗಾಳಿಯೆಲ್ಲಾ ಆ ಎರಡು ತೂತಿಂದ ಹೊರಗೆ ಹೋಗ್ತಿದೆ, ಕೈಗೆ ಸಿಕ್ಕಿದ್ದನ್ನ ಒತ್ತಿ ಮುಚ್ತಾರೆ. ಅಪ್ಪ ಕುರ್ಚಿ ಅಂಚಿಗೆ ಬಂದುಬಿಟ್ಟಿದ್ರು. ನಿಲ್ಲಿಸು ಅಂದ್ರು. ನಿಲ್ಲಿಸಿದೆ. ಪೈಪ್ ಒಡೆದಾಗ ತಾವು ಏನು ಮಾಡ್ತಿದ್ವಿ ಅಂತ ಇಪ್ಪತ್ತು ನಿಮಿಷ ಹೇಳಿದ್ರು. ಮೊದಲು ಮೇಲಿನ ವಾಲ್ವ್ ಅರ್ಧ ಮುಚ್ಚಬೇಕಂತೆ, ಪೂರ್ತಿ ಒಂದೇ ಸಲ ಮುಚ್ಚಿದ್ರೆ ಹಿಂದೆ ಇನ್ನೊಂದು ಕಡೆ ಒಡೆಯುತ್ತಂತೆ. ಆಮೇಲೆ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿ ಮೇಲೆ ತಂತಿ ಬಿಗಿಯೋದು. ಒಂದು ಸಲ ಮಧ್ಯರಾತ್ರಿ ಟ್ಯೂಬ್ ಇಲ್ಲದೆ ತಮ್ಮ ಲುಂಗಿ ಹರಿದು ತುರುಕಿ ಬೆಳಗಿನ ತನಕ ಕೈಯಲ್ಲೇ ಒತ್ತಿ ಹಿಡ್ಕೊಂಡು ಕೂತಿದ್ರಂತೆ. ನನಗೆ ಮೂವತ್ತೆಂಟು ವರ್ಷ. ಈ ಮಾತು ಅವರು ಇವತ್ತಿನ ತನಕ ಮನೆಯಲ್ಲಿ ಹೇಳಿರ್ಲಿಲ್ಲ.

ಬಳ್ಳಾರಿಯೋರು ಕಾಲುವೆ ಬಗ್ಗೆ ಬರೆದಿದ್ದನ್ನೂ ಓದಿ ಹೇಳ್ದೆ. ತಲೆ ಆಡಿಸಿದ್ರು, ಏನೂ ಹೇಳ್ಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ನಂಗೂ ದಿನಾ ಯಾರಾದ್ರೂ ಒಬ್ರು ಬಂದು ನಮ್ಮ ಬೀದಿಗೆ ಹತ್ತು ನಿಮಿಷ ಜಾಸ್ತಿ ಬಿಡಪ್ಪ ಅಂತಿದ್ರು. ಕೆಲವು ಸಲ ಬಿಟ್ಟಿದ್ದೀನಿ” ಅಂದ್ರು.

ಧಾರಾವಾಹಿ ಮುಂದುವರಿಸ್ತೀವಿ. ಮೊದಲ ಪುಸ್ತಕವನ್ನೂ ತರಿಸಿದ್ದೀನಿ, ಒಂದನೇ ಸೀಸನ್ ಮುಗಿದ್ಮೇಲೆ ಓದ್ತೀನಿ.

ಗಣಿತಮೇಷ್ಟ್ರು

ಅರ್ಧ ಮುಚ್ಚೋ ಮಾತಿದೆಯಲ್ಲ, ಅದು ಪಕ್ಕಾ ಭೌತಶಾಸ್ತ್ರ. ಹರೀತಿರೋ ನೀರನ್ನ ಒಮ್ಮೆಲೇ ತಡೆದ್ರೆ ಒತ್ತಡದ ಅಲೆ ಹಿಂದಕ್ಕೆ ಓಡಿ ಪೈಪ್ ಒಡೆಯುತ್ತೆ. ನಾಳೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನೇ ಹೇಳ್ತೀನಿ, ನಿಮ್ಮ ತಂದೆಯವರು ಹೇಳಿದ್ದು ಅಂತ ಹೇಳಿಯೇ.

ಬಳ್ಳಾರಿಬಿಸಿಲು

ಕೆರೆಏರಿಯವರೇ, ಅಪ್ಪಾಜಿಗೆ ನನ್ನ ನಮಸ್ಕಾರ ಹೇಳಿ.

ತುಂಗಾತೀರ

ಇನ್ನು ಮುಂದೆ ಆ ಐವರಲ್ಲಿ ಉಳಿದ ನಾಲ್ಕು ಜನ ತಮ್ಮ ಹೊಸ ಹಡಗಿಗೆ ಹೆಸರಿಡ್ತಾರೆ. ಅಪ್ಪನಿಗೆ ಆ ಹೆಸರಿನ ಕುದುರೆ ಯಾರದು ಅಂತ ಮೊದಲೇ ಹೇಳಿಬಿಡಿ, ಆಗ ನಿಲ್ಲಿಸ್ಬೇಕಾಗಲ್ಲ.